ಹಾಲುಬಣ್ಣದ ಕಾರಿಗೆ ಹಲಸಿನ ಮೇಣ

ಕಾರಿನಲ್ಲಿ ಕೂತು ತವರಿಗೆ ಹೋಗುವುದೆಂದರೆ ಏನು ಅಂತ ಈಗಿನವರಿಗೆ ಹೇಗೆ ಹೇಳಲಿ? ಅರವತ್ತರ ದಶಕದ ನಡುವಿನ ಮಾತು. ಬೆಳ್ಳಾರೆ ಪೇಟೆಯಲ್ಲಿ ಕಾರು ಇದ್ದದ್ದೇ ಒಂದೋ ಎರಡೋ. ಅದರಲ್ಲಿ ಒಂದನ್ನು ಓಡಿಸುತ್ತಿದ್ದವರು ನನ್ನ ಗಂಡ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನಾನು ಕಲ್ಲುಗುಂಡಿಯ ಹುಡುಗಿ, ಅಲ್ಲಿಯವರೆಗೆ ಎತ್ತಿನ ಗಾಡಿ ಮತ್ತು ಮಡಿಕೇರಿ ಬಸ್ಸು ಬಿಟ್ಟು ಬೇರೆ ಯಾವುದಕ್ಕೂ ಹತ್ತಿದವಳಲ್ಲ.

ಕಾರು ನಮ್ಮದಲ್ಲ, ಸಾಹುಕಾರರದ್ದು. ಬೆಳ್ಳಾರೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಸಾಹುಕಾರರು, ಬ್ಯಾರಿ ಅಂದರೆ ನಮ್ಮ ಕರಾವಳಿಯ ಮುಸಲ್ಮಾನರು. ದೊಡ್ಡ ಮೈ, ಸಣ್ಣ ಮಾತು. ಹೊಸದಾಗಿ ಕೊಂಡ ಆ ಕಾರಿನ ಬಣ್ಣ ಕೆನೆಹಾಲಿನದ್ದು. ನನ್ನ ಗಂಡ ಅದನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದರು. ಹೆಂಡತಿಯ ಮುಖವನ್ನು ನೆಟ್ಟಗೆ ನೋಡಲು ನಾಚುತ್ತಿದ್ದ ಮನುಷ್ಯ ಆ ಕಾರಿನ ಮುಖವನ್ನು ಮಾತ್ರ ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು ಅಂದರೆ ನಗಬೇಡಿ, ಆಗುತ್ತಿತ್ತು.

ಆ ಮೇ ತಿಂಗಳಲ್ಲಿ ಸಾಹುಕಾರರ ಮಗಳ ಮದುವೆ. ಮದುಮಗನಿಗೆ ಬ್ಯಾರಿಗಳ ಮಾತಿನಲ್ಲಿ ಪುದಿಯಾಪ್ಲೆ ಅನ್ನುತ್ತಾರೆ. ಅವನು ಪುತ್ತೂರಿನವನು. ಅವನನ್ನು ಕರೆತರಲು ಪುತ್ತೂರಿನಿಂದಲೇ ದೊಡ್ಡ ಬಾಡಿಗೆ ಕಾರು, ಅನುಭವದ ಡ್ರೈವರು ಬರಲಿ ಎಂದು ಮನೆಯ ಹಿರಿಯರೆಲ್ಲ ಹೇಳಿದ್ದರಂತೆ. ನನ್ನ ಗಂಡ ಮೊನ್ನೆ ಮೊನ್ನೆಯವರೆಗೆ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವರು, ಸ್ಟಿಯರಿಂಗ್ ಹಿಡಿದು ವರ್ಷವೂ ಆಗಿರಲಿಲ್ಲ. ಆದರೂ ಸಾಹುಕಾರರು, ನನ್ನ ಮಗಳ ಪುದಿಯಾಪ್ಲೆ ನನ್ನ ಕಾರಿನಲ್ಲೇ ಬರುತ್ತಾನೆ, ನನ್ನ ಡ್ರೈವರೇ ಕರೆತರುತ್ತಾನೆ ಎಂದು ಅಷ್ಟು ಜನರೆದುರು ಹೇಳಿಬಿಟ್ಟಿದ್ದರು. ಆ ಮಾತನ್ನು ನನ್ನ ಗಂಡ ಮನೆಗೆ ಬಂದು ನನಗೆ ಹೇಳಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆ ನೋಡಿಕೊಂಡೇ ಹೇಳಿದರು. ಆದರೆ ಕಿವಿ ಎರಡೂ ಕೆಂಪಗಾಗಿದ್ದವು.

ಮದುವೆಯ ಹಿಂದಿನ ದಿನ ಸಂಪಾಜೆಯಿಂದ ಏಲಕ್ಕಿಯನ್ನೂ ತುಪ್ಪದ ಡಬ್ಬಗಳನ್ನೂ ತರುವ ಕೆಲಸ ಬಿತ್ತು. ಸಂಪಾಜೆಗೆ ಹೋಗುವ ದಾರಿಯಲ್ಲೇ ಕಲ್ಲುಗುಂಡಿ. ಸಾಹುಕಾರರು ತಾವಾಗಿಯೇ, ಹೆಂಡತಿಯನ್ನೂ ಕರೆದುಕೊಂಡು ಹೋಗು, ಮಾವನ ಮನೆಯ ಸಮ್ಮಾನ ಮುಗಿಸಿ ಬಾ ಎಂದರು. ಹೊಸ ಜೋಡಿಯನ್ನು ಕರೆದು ಊಟ ಹಾಕುವುದಕ್ಕೆ ನಮ್ಮ ಕಡೆ ಸಮ್ಮಾನ ಅಂತ ಹೆಸರು. ಬರಿಗೈಯಲ್ಲಿ ಯಾರನ್ನೂ ಕಳುಹಿಸುವುದಿಲ್ಲ.

ಅಬ್ಬ, ಆ ಬೆಳಿಗ್ಗೆ! ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ಮುಂದಿನ ಸೀಟು ಸಾಹುಕಾರರು ಕೂರುವ ಜಾಗ, ಅಲ್ಲಿ ಕೂರಬಾರದು ಅಂತ ನನ್ನ ಗಂಡನ ಲೆಕ್ಕ. ಕಿಟಕಿಯ ಗಾಜನ್ನು ಇಳಿಸುವ ಹಿಡಿಕೆ ತಿರುಗಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ. ಸುಳ್ಯ ಪೇಟೆಯಲ್ಲಿ ಜನ ತಿರುಗಿ ನೋಡಿದರು. ಯಾರೋ ದೊಡ್ಡ ಮನೆಯ ಹೆಂಗಸು ಡ್ರೈವರ್ ಇಟ್ಟುಕೊಂಡು ಹೋಗುತ್ತಿದ್ದಾಳೆ ಎಂದುಕೊಂಡಿರಬೇಕು. ನಾನೂ ಕತ್ತು ನೆಟ್ಟಗೆ ಮಾಡಿ ಹಾಗೆಯೇ ಕೂತೆ. ಪಯಸ್ವಿನಿ ಹೊಳೆ ದಾರಿಯ ಬದಿಯಲ್ಲಿ ಕಾಣಿಸಿಕೊಂಡಾಗ ಮಾತ್ರ ತಡೆಯಲಾಗದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಇವರು ಹೆದರಿ ಬ್ರೇಕು ಹಾಕಿದರು.

ಮೊದಲು ಸಂಪಾಜೆಗೆ ಹೋಗಿ ಏಲಕ್ಕಿಯೂ ತುಪ್ಪವೂ ಡಿಕ್ಕಿ ತುಂಬಿದ ಮೇಲೆ ಕಲ್ಲುಗುಂಡಿಗೆ ಬಂದೆವು. ಅಪ್ಪ ಗದ್ದೆಯ ಬದುವಿನಲ್ಲೇ ಕಾಯುತ್ತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದರು, ಬಾನೆಟ್ ಮುಟ್ಟಿ ನೋಡಿದರು, ಆಮೇಲೆ ಅಳಿಯನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಊಟದಲ್ಲಿ ಕೋಳಿ, ಒತ್ತು ಶ್ಯಾವಿಗೆ, ಹಲಸಿನ ಗಟ್ಟಿ. ಇವರು ಎಲೆಯಿಂದ ಕಣ್ಣೆತ್ತಲಿಲ್ಲ. ನಮ್ಮಲ್ಲಿ ಹೊಸ ಅಳಿಯ ಮಾವನ ಮನೆಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಸಾಕು ಅನ್ನಬಾರದು, ಬೇಡ ಅನ್ನಬಾರದು. ಕೊಟ್ಟದ್ದನ್ನು ತೆಗೆದುಕೊಂಡು ತಲೆ ಆಡಿಸಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಹೊರಡುವ ಹೊತ್ತಿಗೆ ಅಪ್ಪ ಹಿತ್ತಿಲಿನ ಬಕ್ಕೆ ಹಲಸಿನ ಮರಕ್ಕೆ ಆಳನ್ನು ಹತ್ತಿಸಿದರು. ಬಕ್ಕೆ ಅಂದರೆ ಗಟ್ಟಿ ತೊಳೆಯ ಹಲಸು, ಬಾಯಲ್ಲಿಟ್ಟರೆ ಕರುಮ್ ಅನ್ನಬೇಕು. ಮೆತ್ತನೆಯ ತುಳುವೆ ಹಲಸಿನ ಹಾಗೆ ಜಾರಿ ಹೋಗುವುದಲ್ಲ. ಆ ಮರದ ಹಣ್ಣನ್ನು ಅಪ್ಪ ಬೇರೆಯವರಿಗೆ ಕೊಟ್ಟದ್ದು ನಾನು ಕಂಡದ್ದೇ ಕಡಮೆ. ಬೆಳೆದ ಕಾಯಿಗಳನ್ನು ಆರಿಸಿ ಹಗ್ಗ ಕಟ್ಟಿ ಇಳಿಸಿದರು. ಡಿಕ್ಕಿಯಲ್ಲಿ ಇಟ್ಟರೆ ಏಲಕ್ಕಿಗೆ ಹಲಸಿನ ವಾಸನೆ ಹಿಡಿದೀತು, ಮದುವೆ ಮನೆಯ ಸಾಮಾನು, ಹಾಗೆ ಮಾಡಬಾರದು ಎಂದು ಅಪ್ಪನೇ ಯೋಚನೆ ಮಾಡಿದರು. ಎಷ್ಟು ನಾಜೂಕಿನ ಯೋಚನೆ! ಹಣ್ಣುಗಳನ್ನು ಕಾರಿನ ಮೇಲಿನ ಕ್ಯಾರಿಯರಿಗೆ ಏರಿಸಿ, ಬಿಗಿಯಾಗಿ ಕಟ್ಟಿ, ಅಂಟಿದ ಬೆರಳುಗಳನ್ನು ತಮ್ಮ ಎಣ್ಣೆ ತಲೆಗೆ ಉಜ್ಜಿಕೊಂಡರು. ನಮ್ಮ ಕಡೆ ಹಲಸು ಮುಟ್ಟಿದವರ ಕೈ ತಾನಾಗಿ ತಲೆಗೆ ಹೋಗುತ್ತದೆ. ತೆಂಗಿನೆಣ್ಣೆ ಹಚ್ಚಿದ ಕೂದಲಿಗೆ ಉಜ್ಜಿದರೆ ಮೇಣ ಬಿಡುತ್ತದೆ, ಅದಕ್ಕಾಗಿ ಒಳಗೆ ಹೋಗಿ ಎಣ್ಣೆ ಕೇಳುವ ಕೆಲಸವಿಲ್ಲ.

ಇವರು ಕ್ಯಾರಿಯರ್ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ನಾನು ಅದನ್ನು ಪ್ರೀತಿಯ ನೋಟ ಎಂದುಕೊಂಡೆ. ಅಮ್ಮ ತಲೆಗೆ ಹಚ್ಚಲು ಕೊಟ್ಟ ದೊಡ್ಡ ಬಾಟಲಿ ತೆಂಗಿನೆಣ್ಣೆಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದೆ.

ಈಗ ಹಲಸಿನ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಕೊಯ್ದ ಹಣ್ಣಿನ ತೊಟ್ಟಿನಿಂದ ಬಿಳಿ ಹಾಲು ಇಳಿಯುತ್ತಲೇ ಇರುತ್ತದೆ. ಅದು ಇಳಿದು ಮುಗಿಯಲಿ ಅಂತ ಹಣ್ಣನ್ನು ಸ್ವಲ್ಪ ಹೊತ್ತು ನೆಲದಲ್ಲಿ ಬಿಡಬೇಕು. ಹಾಲು ಗಾಳಿಗೆ ಗಟ್ಟಿಯಾದರೆ ಮೇಣ. ಅದು ಕತ್ತಿಗೆ ಹಿಡಿದರೆ ಕತ್ತಿ ಹೋಯಿತು, ಸೀರೆಗೆ ಹಿಡಿದರೆ ಸೀರೆ ಹೋಯಿತು. ಅಪ್ಪ ಹಣ್ಣನ್ನು ನೆಲದಲ್ಲಿ ಬಿಡಲಿಲ್ಲ. ಕಾರು ಕಂಡ ಸಂಭ್ರಮದಲ್ಲಿ ಹಲಸಿನ ಬುದ್ಧಿ ಅವರಿಗೂ ಮರೆತಿತ್ತು, ನನಗೂ ಮರೆತಿತ್ತು. ಮರೆಯದಿದ್ದವರು ಒಬ್ಬರೇ, ಅವರಿಗೆ ಮಾತಾಡಲು ಅಪ್ಪಣೆ ಇರಲಿಲ್ಲ.

ಊಟದ ಭಾರಕ್ಕೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ನಾನು, ಸುಳ್ಯ ದಾಟಿ ಪೈಚಾರಿನಲ್ಲಿ ಇವರು ಸೋಡಾ ಕುಡಿಯಲು ನಿಲ್ಲಿಸಿದಾಗ ಎದ್ದು ಇಳಿದೆ. ಕಾರಿನ ಕಡೆ ತಿರುಗಿ ನೋಡಿದೆ. ಕ್ಯಾರಿಯರಿನಿಂದ ಹಾಲು ಇಳಿದು, ಎದುರಿನ ಗಾಜಿನ ಮೇಲೆ, ಬಾಗಿಲುಗಳ ಮೇಲೆ, ಬಾನೆಟ್ಟಿನವರೆಗೆ ಪಟ್ಟೆ ಪಟ್ಟೆಯಾಗಿ ಹರಿದಿತ್ತು. ಅದರ ಮೇಲೆ ಮಣ್ಣು ರಸ್ತೆಯ ಕೆಂಪು ಧೂಳು ಕೂತು, ಬಿಸಿಲಿಗೆ ಒಣಗಿ, ಕೆನೆಹಾಲಿನ ಬಣ್ಣದ ಕಾರು ಹುಲಿವೇಷದ ಹಾಗೆ ಕಾಣುತ್ತಿತ್ತು. ಇವರು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಕೈಯಲ್ಲಿದ್ದ ಸೋಡಾ ಕುಡಿಯಲೂ ಇಲ್ಲ, ಇಡಲೂ ಇಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮದುವೆಯಾದ ಮೇಲೆ ಗಂಡನಿಗೆ ನಾನು ಎದುರು ಆಡಿದ ಮೊದಲ ಮಾತು ಆ ಮೋರಿಯ ಹತ್ತಿರ. ನಾವು ಆಡಿದ್ದು ನಮ್ಮ ಮನೆಮಾತು ಅರೆಭಾಷೆಯಲ್ಲಿ, ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಲ್ಲ ಮಾರಾಯ್ರೆ, ನಿಮಗೆ ಬಾಯಿ ಇಲ್ವಾ? ಹಾಲು ಇಳಿತದೆ, ಈಗ ಕಟ್ಟುದು ಬೇಡ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ಮಾವನ ಎದುರು ಹೇಗೆ ಹೇಳುದು?" ಅಂದರು.

"ನನ್ನ ಹತ್ರ ಹೇಳ್ಬಹುದಿತ್ತಲ್ಲ?"

ಅವರು ಸೋಡಾ ಬಾಟಲಿಯನ್ನೇ ನೋಡಿಕೊಂಡು, "ನಿನ್ನ ಹತ್ರ ಮಾತಾಡ್ಲಿಕ್ಕೆ ಇನ್ನೂ ಹೆದರಿಕೆ ಉಂಟು" ಎಂದರು.

ನಗು ಬಂತು, ಸಿಟ್ಟು ಬಂತು, ಎರಡೂ ಒಟ್ಟಿಗೆ. ಆಮೇಲೆ ಅವರು ಹೇಳಿದ್ದು ಕೇಳಿ ಎರಡೂ ಇಳಿಯಿತು. ಬೆಳಿಗ್ಗೆ ಕಾರು ಸಾಹುಕಾರರ ಅಂಗಳದಲ್ಲಿ ಇರಬೇಕು, ಮಲ್ಲಿಗೆ ಮಾಲೆ ಕಟ್ಟಲು ಹುಡುಗರು ಬರುತ್ತಾರೆ. ಈ ಅವಸ್ಥೆಯಲ್ಲಿ ಕಂಡರೆ ಬಾಡಿಗೆ ಕಾರಿಗೆ ಜನ ಓಡುತ್ತದೆ. ಪುದಿಯಾಪ್ಲೆಯನ್ನು ತಾನು ತರುವ ಹಾಗಿಲ್ಲ, ಅಷ್ಟು ಜನರೆದುರು ಸಾಹುಕಾರರು ಆಡಿದ ಮಾತೂ ಹೋಯಿತು. ನಾನು ಸೋಡಾ ಬಾಟಲಿ ಅವರ ಕೈಯಿಂದ ತೆಗೆದು ಕುಡಿದು ಮುಗಿಸಿದೆ. ಹಿಂದಿನ ಬಾಗಿಲು ಬಿಟ್ಟು ಮುಂದಿನ ಬಾಗಿಲು ತೆಗೆದು ಕೂತೆ. ಬೇಗ ಬಿಡಿ, ಬೆಳಕು ಇರುವಾಗಲೇ ತೆಗೆಯಬೇಕು ಎಂದೆ. ಸಾಹುಕಾರರ ಸೀಟು ಎಂದು ಇವರು ಒಂದು ಮಾತೂ ಎತ್ತಲಿಲ್ಲ.

ಬೆಳ್ಳಾರೆ ತಲುಪಿದಾಗ ಬಿಸಿಲು ಇನ್ನೂ ಇತ್ತು. ಏಲಕ್ಕಿ ತುಪ್ಪಗಳನ್ನು ಕೈಗಾಡಿಯಲ್ಲಿ ಸಾಹುಕಾರರ ಮನೆಗೆ ಕಳುಹಿಸಿ, ಕಾರನ್ನು ನಮ್ಮ ಬಾಡಿಗೆ ಮನೆಯ ಹಿಂದೆ ಬಾವಿಯ ಹತ್ತಿರ ತಂದು ನಿಲ್ಲಿಸಿ ಹಲಸು ಇಳಿಸಿದೆವು. ಬೇಲಿಯಾಚೆಯಿಂದ ಸಲಹೆಗಳು ಬಂದವು. ಒಬ್ಬರು ಪೆಟ್ರೋಲ್ ಅಂದರು, ಒಬ್ಬರು ಹುಳಿಮಜ್ಜಿಗೆ ಅಂದರು, ಮತ್ತೊಬ್ಬರು ನುಣ್ಣಗಿನ ಹೊಳೆ ಮರಳು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಲು ಹೇಳಿದರು. ಆ ಮಹಾರಾಯರಿಗೆ ಕಾರೂ ಕಂಚಿನ ಹಂಡೆಯೂ ಒಂದೇ. ಇವರು ಯಾರ ಮಾತೂ ಕೇಳದೆ ಬಸ್ಸಿನಲ್ಲಿ ಕಲಿತದ್ದನ್ನೇ ಮಾಡಿದರು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಎಡಬಾಗಿಲಿನ ಕೆಳಗೆ ಜೋರಾಗಿ ಉಜ್ಜಿದರು. ಮೇಣ ಬಿಡಲಿಲ್ಲ, ಇಷ್ಟಗಲ ಇದ್ದದ್ದು ಅಷ್ಟಗಲವಾಯಿತು. ಅದರಲ್ಲಿದ್ದ ಧೂಳು ಬಣ್ಣವನ್ನು ಗೀರಿ, ಅಂಗೈಯಷ್ಟು ಜಾಗ ಹೊಳಪು ಹೋಗಿ ಮಂಕಾಯಿತು. ಇವರ ಮುಖ ಅದಕ್ಕಿಂತ ಮಂಕು.

ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಹಾಗೆ ಕೈ ಹಿಡಿದದ್ದು ಧಾರೆಯ ದಿನದ ನಂತರ ಅದೇ ಮೊದಲು. ಇದು ಬಸ್ಸಿನ ಗ್ರೀಸ್ ಅಲ್ಲ, ಹಲಸು; ಹಲಸಿಗೆ ಮಾಡುವುದನ್ನೇ ಮಾಡಬೇಕು ಎಂದೆ. ಅವರಿಗೂ ಗೊತ್ತಿಲ್ಲದ್ದೇನಲ್ಲ, ಅವರ ತಾಯಿಯೂ ಹಲಸು ಕೊಯ್ದವರೇ. ಕಾರು ಅಂದ ಕೂಡಲೇ ಮನೆಯ ಬುದ್ಧಿ ಎಲ್ಲ ಬಿಟ್ಟುಹೋಗುತ್ತದೆ, ಅಷ್ಟೇ.

ಮೊದಲು ಬಾವಿಯ ತಣ್ಣೀರು ಹೊಯ್ದು ಮೇಲಿನ ಧೂಳು ಇಳಿಸಿದೆವು, ಉಜ್ಜದೆ. ಆಮೇಲೆ ಕ್ಯಾರಿಯರಿನ ಹಗ್ಗದಲ್ಲಿ ಮುದ್ದೆಗಟ್ಟಿದ್ದ ಹಸಿ ಮೇಣವನ್ನು ಒಂದು ಕೋಲಿಗೆ ಸುತ್ತಿದೆ. ಮೇಣವನ್ನು ಎಳೆಯುವುದು ಮೇಣವೇ. ಹಲಸು ಕೊಯ್ಯುವಾಗ ಅಮ್ಮ ಮಾಡುತ್ತಿದ್ದದ್ದೂ ಅದನ್ನೇ. ಮುದ್ದೆಯನ್ನು ಪಟ್ಟೆಯ ಮೇಲೆ ಒತ್ತಿ ಎತ್ತುವುದು, ಒತ್ತಿ ಎತ್ತುವುದು. ದಪ್ಪಗೆ ಇದ್ದದ್ದೆಲ್ಲ ಕೋಲಿಗೆ ಬಂತು. ಎದುರಿನ ಗಾಜಿನ ಮೇಲಿನ ಮೊದಲ ಪಟ್ಟೆ ನೂಲಿನ ಹಾಗೆ ಉದ್ದಕ್ಕೆ ಎದ್ದು ಬಂದಾಗ ಇವರು ಸಣ್ಣ ಮಕ್ಕಳ ಹಾಗೆ, ಬಂತು ಬಂತು ಎಂದು ಕೂಗಿದರು. ಆ ಗಂಟಲಿನಲ್ಲಿ ಅಷ್ಟು ದೊಡ್ಡ ಸ್ವರ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಉಳಿದ ತೆಳು ಕಲೆಗೆ ಅಮ್ಮ ಕೊಟ್ಟ ತೆಂಗಿನೆಣ್ಣೆ. ಸ್ವಲ್ಪ ಬಿಸಿ ಮಾಡಿ, ನನ್ನ ಹಳೆಯ ಮಲ್ಲಿನ ಸೀರೆಯನ್ನು ಹರಿದು, ಆ ಬಟ್ಟೆಯಲ್ಲಿ ಎಣ್ಣೆ ಹಚ್ಚಿ ಬಿಟ್ಟೆವು. ಇಲ್ಲಿ ತಾಳ್ಮೆ ಬೇಕು, ನನಗೆ ಅದೇ ಇಲ್ಲದ್ದು. ಎಣ್ಣೆ ಕುಡಿದು ಮೇಣ ಮೆತ್ತಗಾಗುವವರೆಗೆ ಕೈ ಕಟ್ಟಿಕೊಂಡು ನಿಲ್ಲಬೇಕು. ಆ ಹೊತ್ತಿನಲ್ಲಿ ಇವರು ಮಾತಾಡಿದರು. ಬಸ್ಸಿನ ಏಣಿಯಲ್ಲಿ ನೇತಾಡಿಕೊಂಡು ಸಾಮಾನು ಏರಿಸಿದ್ದು, ಕಡಬದ ಹತ್ತಿರ ಬಸ್ಸು ಕೆಟ್ಟು ಕೋಡಿಂಬಾಳದಲ್ಲಿ ಯಾರದೋ ಮನೆಯಲ್ಲಿ ಉಳಿದದ್ದು, ಸಾಹುಕಾರರು ಮೊದಲ ಸಲ ಕಾರಿನ ಕೀ ಕೈಗೆ ಕೊಟ್ಟದ್ದು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಾ ಅವರ ಅರ್ಧ ಆಯುಷ್ಯ ಕೇಳಿದೆ. ಬಟ್ಟೆ ಎಳೆದರೆ ಕಲೆ ಜಾರಿ ಬರುತ್ತಿತ್ತು, ಅದರಡಿಯಲ್ಲಿ ಕೆನೆಹಾಲಿನ ಬಣ್ಣ ನಗುತ್ತಿತ್ತು. ಪ್ರತಿ ಸಲವೂ ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಒಮ್ಮೆ ಕುಣಿದೆ ಕೂಡ, ಬೇಲಿಯಾಚೆ ಯಾರೂ ಇಲ್ಲ ಎಂದು ನೋಡಿಕೊಂಡು.

ಕೊನೆಗೆ ಅಂಟುವಾಳದ ಕಾಯಿ ಕಿವುಚಿ ನೊರೆ ಮಾಡಿ ಎಣ್ಣೆಯ ಜಿಡ್ಡು ತೊಳೆದೆವು. ರೇಷ್ಮೆ ಸೀರೆಗೆ ಹಾಕುವುದು ಅದನ್ನೇ, ಬಣ್ಣಕ್ಕೆ ಏನೂ ಆಗುವುದಿಲ್ಲ. ಮಂಕಾದ ಜಾಗಕ್ಕೆ ಮಾತ್ರ ಮತ್ತೆ ಒಂದಿಷ್ಟು ಎಣ್ಣೆ ಹಚ್ಚಿ ಒಣ ಬಟ್ಟೆಯಲ್ಲಿ ಒರೆಸಿದೆವು. ಹೊಳಪು ಬಂತು, ನಿಜದ ಹೊಳಪು ಅಲ್ಲದಿದ್ದರೂ ಒಂದು ದಿನಕ್ಕೆ ಸಾಕಾಗುವಷ್ಟು. ಕತ್ತಲಾಗುವಾಗ ಕಾರಿಗೆ ಎಣ್ಣೆಸ್ನಾನ ಮುಗಿದಿತ್ತು. ನಮಗಿಬ್ಬರಿಗೂ ಸೊಂಟ ಬಿದ್ದುಹೋಗಿತ್ತು.

ಬೆಳಿಗ್ಗೆ ಬಾಟಲಿ ಮಗುಚಿದರೆ ತಳದಲ್ಲಿ ಒಂದು ಅಂಗೈಗೆ ಆಗುವಷ್ಟೇ ಎಣ್ಣೆ. ಅದನ್ನು ಇವರ ತಲೆಗೆ ಹಾಕಿ ತಟ್ಟಿದೆ. ಪುದಿಯಾಪ್ಲೆಯನ್ನು ತರುವವರು ಕೆದರಿದ ಕೂದಲಲ್ಲಿ ಹೋಗಲಿಕ್ಕಾಗುತ್ತದೆಯೇ? ಬೈತಲೆ ತೆಗೆದು, ಇಸ್ತ್ರಿ ಹಾಕಿದ ಅಂಗಿ ಹಾಕಿ ಹೊರಟರು. ಸಾಹುಕಾರರ ಅಂಗಳದಲ್ಲಿ ಯಾರಿಗೂ ಏನೂ ಕಾಣಲಿಲ್ಲವಂತೆ. ಮಾಲೆ ಕಟ್ಟಿ ಕಾರು ಪುತ್ತೂರಿಗೆ ಹೋಯಿತು.

ಮಧ್ಯಾಹ್ನ ನಾನೂ ಮದುವೆ ಮನೆಗೆ ಹೋದೆ. ಹೆಂಗಸರ ಕೋಣೆಯ ಕಿಟಕಿಯ ಸರಳು ಹಿಡಿದು ನಿಂತವಳು ಅಲ್ಲಿಂದ ಅಲ್ಲಾಡಲಿಲ್ಲ. ಹಾರನ್ ಕೇಳಿತು. ಗೇಟಿನಲ್ಲಿ ಕೆನೆಹಾಲಿನ ಕಾರು ತಿರುಗಿತು. ಬಿಸಿಲು ಬಿದ್ದು ಅದು ಹೊಳೆದ ರೀತಿ ಕಂಡು ನನ್ನ ಪಕ್ಕದ ಮುದುಕಿ ಬಾಯಿಗೆ ಕೈ ಇಟ್ಟುಕೊಂಡಳು. ಅದು ನಾವು ತೊಳೆದದ್ದು ಎಂದು ಕೂಗಿ ಹೇಳಬೇಕು ಅನ್ನಿಸಿತು, ತುಟಿ ಕಚ್ಚಿಕೊಂಡೆ. ಇವರು ಇಳಿದು, ಬಾನೆಟ್ ಬಳಸಿ ಬಂದು, ಹಿಂದಿನ ಬಾಗಿಲಿನ ಹತ್ತಿರ ನೆಟ್ಟಗೆ ನಿಂತರು. ಬಾಗಿಲು ತೆಗೆಯಲು ಕೈ ಚಾಚುವ ಮೊದಲೇ ಸಾಹುಕಾರರು ಮುಂದೆ ಬಂದರು. ತಮ್ಮ ಪುದಿಯಾಪ್ಲೆಗೆ ತಾವೇ ಬಾಗಿಲು ತೆಗೆಯುವ ಆಸೆ. ಬಿಳಿ ಮುಂಡು, ಬಿಳಿ ಅಂಗಿ, ಬಿಳಿ ಟೊಪ್ಪಿ, ಮೈಮೇಲೆ ಒಂದು ಚುಕ್ಕೆ ಇಲ್ಲ.

ಹಿಡಿಕೆಗೆ ಕೈ ಹಾಕಿ ಬಾಗಿಲು ತೆಗೆದರು. ಕೈ ಹಿಂದಕ್ಕೆ ಬರಲಿಲ್ಲ. ಎಳೆದರು. ಬೆಳಿಗ್ಗೆ ಗಟ್ಟಿಯಾಗಿದ್ದು ಈಗ ಬಿಸಿಲಿಗೆ ಮೆತ್ತಗಾದ ಮೇಣದ ಎಳೆಯೊಂದು ಬೆರಳಿಂದ ಹಿಡಿಕೆಗೆ ಉದ್ದಕ್ಕೆ ಬಂತು.

ಹಿಡಿಕೆಯ ಅಡಿ! ಕಾರಿನ ಮೈಯೆಲ್ಲ ನೋಡಿದ್ದೆವು, ಹಿಡಿಕೆಯ ಅಡಿಭಾಗ ನೋಡಿರಲಿಲ್ಲ. ನಾನು ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕೈಯ ಬಳೆ ಒಂದು ಒಡೆಯಿತು. ಸಾಹುಕಾರರು ಬೆರಳು ನೋಡಿಕೊಂಡರು. ಹೆಬ್ಬೆರಳಿನಿಂದ ತಿಕ್ಕಿದರು, ಅದಕ್ಕೂ ಹಿಡಿಯಿತು. ಪುದಿಯಾಪ್ಲೆ ಇಳಿದಾಗಿತ್ತು, ಮಾವನ ಕೈ ಹಿಡಿದು ಸಲಾಂ ಹೇಳಲು ಎರಡೂ ಕೈ ಮುಂದೆ ಮಾಡಿದ್ದ. ಸುತ್ತ ಪುತ್ತೂರಿನ ನೆಂಟರು. ಒರೆಸಲು ಬಿಳಿ ಬಟ್ಟೆಯಲ್ಲದೆ ಬೇರೆ ಏನೂ ಇಲ್ಲ. ಸಾಹುಕಾರರು ನಿಧಾನವಾಗಿ ನನ್ನ ಗಂಡನ ಕಡೆ ತಿರುಗಿದರು. ಇವರ ಮುಖದಲ್ಲಿ ರಕ್ತವಿರಲಿಲ್ಲ.

ಸಾಹುಕಾರರು ಆ ಕೈ ಎತ್ತಿದರು. ಹೊಡೆದೇ ಬಿಟ್ಟರು ಎಂದುಕೊಂಡೆ. ಅವರು ಆ ಕೈಯನ್ನು ಇವರ ತಲೆಯ ಮೇಲೆ ಇಟ್ಟರು. ಇಟ್ಟು, ಎಣ್ಣೆ ಹಚ್ಚಿ ಬಾಚಿದ ಕೂದಲಿನಲ್ಲಿ ಐದೂ ಬೆರಳುಗಳನ್ನು ಚೆನ್ನಾಗಿ ಉಜ್ಜಿದರು. ಥೇಟ್ ನನ್ನ ಅಪ್ಪನ ಹಾಗೆ. ಬೆರಳು ಶುದ್ಧವಾಯಿತು. ತಿರುಗಿ ಪುದಿಯಾಪ್ಲೆಯ ಎರಡೂ ಕೈಗಳನ್ನು ಹಿಡಿದು ಸಲಾಂ ಹೇಳಿದರು.

ನನ್ನ ಪಕ್ಕದ ಮುದುಕಿಯ ಕಣ್ಣಲ್ಲಿ ನೀರು. ಮಗಳ ಮದುವೆಯ ದಿನ ಡ್ರೈವರಿಗೂ ತಲೆ ಮುಟ್ಟಿ ಹರಸಿದ ಸಾಹುಕಾರರ ಮನಸ್ಸು ಎಷ್ಟು ದೊಡ್ಡದು ಎಂದು ಅವಳು ಎಲ್ಲರಿಗೂ ಹೇಳಿದಳು. ನಾನೂ ಹೌದು ಹೌದು ಎಂದೆ. ನಗುವನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡೆ.

ತಲೆ ಉಜ್ಜುವಾಗ ಸಾಹುಕಾರರು ತುಟಿ ಅಲ್ಲಾಡಿಸಿದ್ದು ನನಗೆ ಕಂಡಿತ್ತು, ಮಾತು ಕೇಳಿರಲಿಲ್ಲ. ಸಂಜೆ ಇವರು ಮನೆಗೆ ಬಂದು ಹೇಳಿದರು.

"ಬಕ್ಕೆಯಾ, ತುಳುವೆಯಾ ಅಂತ ಕೇಳಿದ್ರು."

"ನೀವು ಎಂತ ಹೇಳಿದ್ರಿ?"

"ಬಕ್ಕೆ, ಕಲ್ಲುಗುಂಡಿಯದ್ದು, ನಾಳೆ ಒಂದು ತಂದು ಕೊಡ್ತೇನೆ ಅಂದೆ. ಹಾಲು ಪೂರಾ ಇಳಿದ ಮೇಲೆ ತಾ ಅಂದ್ರು."

ಇಷ್ಟು ಉದ್ದದ ಮಾತನ್ನು ಇವರು ನನ್ನ ಮುಖ ನೋಡಿಕೊಂಡು ಹೇಳಿದ್ದರು. ದೀಪ ಹತ್ತಿರ ತಂದು ಅವರ ತಲೆ ನೋಡಿದೆ. ನೆತ್ತಿಯಲ್ಲಿ ಕೂದಲು ಗಂಟು ಗಂಟಾಗಿ ಮೇಣಕ್ಕೆ ಅಂಟಿತ್ತು. ಬಾಟಲಿಯಲ್ಲಿ ಒಂದು ಹನಿ ಎಣ್ಣೆ ಇರಲಿಲ್ಲ. ಕತ್ತರಿ ತಂದೆ. ಇವರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು.

"ಅದು ಇರ್ಲಿ, ಕತ್ತರಿಸ್ಬೇಡ. ಸಾಹುಕಾರ್ರು ಕೈ ಇಟ್ಟದ್ದು."

"ಸಾಹುಕಾರ್ರದ್ದು ಕೈ ಮಾತ್ರ. ಮೇಣ ನನ್ನ ಅಪ್ಪಂದು" ಎಂದೆ.

ಇವರು ಗಟ್ಟಿಯಾಗಿ ನಕ್ಕರು, ಬೇಲಿಯಾಚೆ ಕೇಳುವಷ್ಟು. ನಾನು ಕತ್ತರಿ ಕೆಳಗಿಟ್ಟು ಪಕ್ಕದ ಮನೆಗೆ ಎಣ್ಣೆ ಕೇಳಲು ಹೋದೆ.